ಬಿಸಿಯಾದಾಗ ದಾರಿ ಬಿಡುವ ಹರಳು



ವಿದ್ಯುತ್ ದೀಪವನ್ನು ಬೆಂಕಿಕಡ್ಡಿ ಗೀರಿ ಹೊತ್ತಿಸಬೇಕಾಗಿದ್ದ ಕಾಲವೂ ಒಂದಿತ್ತು. ಕಟ್ಟುಕಥೆಯಲ್ಲ, ನಡೆದದ್ದು. ಜರ್ಮನಿಯ ಗಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ನೆರ್ನ್ಸ್ಟ್ 1897ರಲ್ಲಿ ಅಂಥದೊಂದು ದೀಪಕ್ಕೆ ಪೇಟೆಂಟ್ ಪಡೆದರು. ಆ ಕಾಲದ ಬಲ್ಬಿನಲ್ಲಿ ಇದ್ದದ್ದು ಇಂಗಾಲದ ಎಳೆ. ಗಾಳಿ ತಾಗಿದರೆ ಉರಿದುಹೋಗುತ್ತದೆ ಎಂದು ಗಾಜಿನ ಬುರುಡೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕಿತ್ತು. ನೆರ್ನ್ಸ್ಟ್ ಆ ಎಳೆಯನ್ನು ಬಿಟ್ಟು ಪಿಂಗಾಣಿಯ ಹಾಗೆ ಬೆಳ್ಳಗಿದ್ದ ಒಂದು ಸಣ್ಣ ಕಡ್ಡಿಯನ್ನು ಹಿಡಿದರು. ಅದು ಮೊದಲೇ ಆಕ್ಸೈಡ್, ಅಂದರೆ ಆಮ್ಲಜನಕದ ಜೊತೆ ಆಗಲೇ ಕೂಡಿಕೊಂಡಿರುವ ವಸ್ತು. ಇನ್ನು ಉರಿಯುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಬಯಲು ಗಾಳಿಯಲ್ಲೇ ಬೆಳಗಬಹುದು.

ತೊಂದರೆ ಒಂದೇ. ತಣ್ಣಗಿರುವಾಗ ಆ ಕಡ್ಡಿಯಲ್ಲಿ ಕರೆಂಟು ಹರಿಯುವುದಿಲ್ಲ. ಸ್ವಿಚ್ಚು ಹಾಕಿದರೆ ಸುಮ್ಮನೆ ಇರುತ್ತದೆ. ಕಡ್ಡಿಯ ಕೆಳಗೆ ಜ್ವಾಲೆ ಹಿಡಿದು ಕೆಂಪಗೆ ಕಾಯಿಸಿದರೆ ಆಗ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಆಮೇಲೆ ತನ್ನ ಕಾವಿನಲ್ಲಿ ತಾನೇ ಪ್ರಜ್ವಲಿಸುತ್ತದೆ. ಮುಂದೆ ಕಡ್ಡಿಯ ಪಕ್ಕದಲ್ಲಿ ಪ್ಲಾಟಿನಂ ತಂತಿಯ ಸುರುಳಿಯಿಟ್ಟು ಕಾಯಿಸುವ ವ್ಯವಸ್ಥೆ ಬಂತು, ಬೆಂಕಿಕಡ್ಡಿ ತಪ್ಪಿತು. ಇನ್ನೊಂದು ಪೇಚೂ ಇತ್ತು: ಕಡ್ಡಿ ಕಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಕರೆಂಟು ಎಳೆದಷ್ಟೂ ಇನ್ನೂ ಕಾಯುತ್ತದೆ. ತಡೆಯದಿದ್ದರೆ ತಾನೇ ಕರಗಿಹೋಗುತ್ತದೆ. ಅದಕ್ಕೆ ಕಬ್ಬಿಣದ ತಂತಿಯೊಂದನ್ನು ಸಾಲಿನಲ್ಲಿ ಸೇರಿಸಿ ಲಗಾಮು ಹಾಕಿದರು. ಇಷ್ಟೆಲ್ಲ ಉಪದ್ವ್ಯಾಪವಿದ್ದರೂ ಇಂಗಾಲದ ಬಲ್ಬು ತಿನ್ನುವ ವಿದ್ಯುತ್ತಿನ ಅರ್ಧದಷ್ಟರಲ್ಲೇ ಇದು ಅಷ್ಟೇ ಬೆಳಕು ಕೊಡುತ್ತಿತ್ತು. ಎಇಜಿ ಕಂಪನಿ ಆ ಪೇಟೆಂಟಿಗೆ ಹತ್ತು ಲಕ್ಷ ಮಾರ್ಕ್ ತೆತ್ತಿತು ಎನ್ನುತ್ತಾರೆ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದರ ಮಂಟಪ ಬೆಳಗಿದ್ದು ಈ ದೀಪಗಳಿಂದಲೇ. ಹತ್ತು ಹದಿನೈದು ವರ್ಷಗಳಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬು ಬಂದು ಇದನ್ನು ಮನೆಗಳಿಂದ ಹೊರಗೆ ಹಾಕಿತು. ಹಣ ಮಾತ್ರ ನೆರ್ನ್ಸ್ಟ್ ಅವರ ಕೈ ಸೇರಿಯಾಗಿತ್ತು.

ನಾನು ಇವತ್ತು ಮಾತಾಡಬೇಕಾಗಿರುವುದು ಆ ಕಡ್ಡಿಯ ವಸ್ತುವಿನ ಬಗ್ಗೆ. ತೂಕದ ಲೆಕ್ಕದಲ್ಲಿ ನೂರಕ್ಕೆ 85 ಪಾಲು ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡು. ಉಳಿದ 15 ಪಾಲು ಯಟ್ರಿಯಾ, ಅಂದರೆ ಯಟ್ರಿಯಂನ ಆಕ್ಸೈಡು. ತೂಕ ಬಿಟ್ಟು ಅಣುಗಳನ್ನೇ ಎಣಿಸಿದರೆ ಯಟ್ರಿಯಾ ನೂರಕ್ಕೆ ಸುಮಾರು 9 ಆಗುತ್ತದೆ. ಇವತ್ತು ಇಂಧನದಿಂದ ನೇರವಾಗಿ ವಿದ್ಯುತ್ ತೆಗೆಯುವ ಜಿರ್ಕೋನಿಯಾ ಇಂಧನ ಕೋಶಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬೆರಕೆ ನೂರಕ್ಕೆ 8ರದ್ದು. ಪರಮಾಣುಗಳ ಜೋಡಣೆಯನ್ನು ಎಕ್ಸ್-ರೇ ಹಾಯಿಸಿ ನೋಡುವ ವಿದ್ಯೆ ಹುಟ್ಟುವುದಕ್ಕೂ ಮೊದಲೇ, ಬರೀ ಬೆರೆಸಿ, ಸುಟ್ಟು, ಅಳೆದು ನೋಡುತ್ತಲೇ ನೆರ್ನ್ಸ್ಟ್ ಇವತ್ತಿನ ಅಂಕಿಯ ಪಕ್ಕದಲ್ಲೇ ಬಂದು ನಿಂತಿದ್ದರು. ನನಗಂತೂ ಅವರ ನೊಬೆಲ್ ಬಹುಮಾನಕ್ಕಿಂತ ಇದೇ ಹೆಚ್ಚು ಬೆರಗಿನ ಸಂಗತಿ.

ಈ ಆಕ್ಸೈಡು ಮೊದಲು ಸಿಕ್ಕಿದ್ದು ಸಿಂಹಳದ ಒಂದು ರತ್ನದೊಳಗೆ. 1789ರಲ್ಲಿ ಬರ್ಲಿನ್ನಿನ ಮಾರ್ಟಿನ್ ಕ್ಲಾಪ್ರೋತ್ ಜಿರ್ಕಾನ್ ಎಂಬ ಆ ಕಲ್ಲನ್ನು ಒಡೆದು ಪರೀಕ್ಷಿಸಿ, ಅದರಲ್ಲಿ ಅಲ್ಲಿಯವರೆಗೆ ಯಾರೂ ಕಾಣದ ಒಂದು ಆಕ್ಸೈಡು ಇದೆ ಎಂದು ತೋರಿಸಿದರು. ಅದರೊಳಗಿನ ಲೋಹವನ್ನು 1824ರಲ್ಲಿ ಬರ್ಜೀಲಿಯಸ್ ಬಿಡಿಸಿದರು. ನಮಗೆ ಜಿರ್ಕಾನ್ ದೂರದ ವಸ್ತುವೇನಲ್ಲ. ಕೇರಳದ ಚವರದ ಕಡಲ ಮರಳಿನಲ್ಲಿ ಇಲ್ಮನೈಟ್, ಮೊನಜೈಟ್‌ಗಳ ಜೊತೆ ಅದೂ ಬೆರೆತಿದೆ.

ಜಿರ್ಕೋನಿಯಾ ಕರಗಬೇಕಾದರೆ ಸುಮಾರು 2700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಉಕ್ಕು 1500ರ ಆಸುಪಾಸಿನಲ್ಲೇ ನೀರಾಗುತ್ತದೆ. ಹಾಗಾದರೆ ಕುಲುಮೆಗಳ ಒಳಮೈಗೆ ಇದಕ್ಕಿಂತ ಒಳ್ಳೆಯ ಇಟ್ಟಿಗೆ ಬೇರೆ ಯಾವುದಿದೆ ಎಂದು ಹಿಂದಿನವರು ಆಸೆಪಟ್ಟರು. ಶುದ್ಧ ಜಿರ್ಕೋನಿಯಾದ ಇಟ್ಟಿಗೆ ಮಾಡಿ ಸುಟ್ಟರು. ಆರುತ್ತಾ ಬಂದ ಹಾಗೆ ಅದು ಬಿರುಕುಬಿಟ್ಟು ಪುಡಿಪುಡಿಯಾಯಿತು.

ಕಾರಣ ಹರಳಿನ ಒಳಗಿನ ಜೋಡಣೆಯಲ್ಲಿದೆ. ಶುದ್ಧ ಜಿರ್ಕೋನಿಯಾಕ್ಕೆ ಮೂರು ರೂಪ. ಮಾಮೂಲು ಉಷ್ಣತೆಯಲ್ಲಿ ಅದರ ಪರಮಾಣುಗಳು ಒಂದು ಕಡೆ ವಾಲಿದ ಪೆಟ್ಟಿಗೆಗಳ ಆಕಾರದಲ್ಲಿ ಕೂತಿರುತ್ತವೆ. ಇದನ್ನು ಓರೆ ರೂಪ ಎನ್ನೋಣ. ಸುಮಾರು 1170 ಡಿಗ್ರಿ ದಾಟಿದರೆ ಪೆಟ್ಟಿಗೆ ನೆಟ್ಟಗಾಗಿ, ಒಂದು ದಿಕ್ಕಿಗೆ ಕೊಂಚ ಉದ್ದವಾಗಿ ನಿಲ್ಲುತ್ತದೆ: ನೀಳ ರೂಪ. 2370ರ ಹತ್ತಿರ ಎಲ್ಲ ಬದಿಗಳೂ ಸಮನಾಗಿ ಘನ ರೂಪ ಬರುತ್ತದೆ. ಕಾಯಿಸುವಾಗ ಇದರಿಂದ ಹೆಚ್ಚಿನ ಗೋಳಿಲ್ಲ. ಆರಿಸುವಾಗ ನೀಳ ರೂಪ ಮತ್ತೆ ಓರೆಯಾಗುತ್ತದಲ್ಲ, ಆ ಕ್ಷಣದಲ್ಲಿ ವಸ್ತು ನೂರಕ್ಕೆ ನಾಲ್ಕೈದು ಪಾಲು ಉಬ್ಬುತ್ತದೆ. ಅದೂ ನಿಧಾನವಾಗಿ ಅಲ್ಲ, ಸರಕ್ಕನೆ. ಬಾಗಲಾರದ ಸೆರಾಮಿಕ್ಕಿಗೆ ಅಷ್ಟು ಸಾಕು.

ಓರೆಯಾಗುವ ಹಟ ಏಕೆ? ಘನ ರೂಪದಲ್ಲಿ ಪ್ರತಿ ಜಿರ್ಕೋನಿಯಂ ಅಯಾನಿನ, ಅಂದರೆ ವಿದ್ಯುದಂಶ ಹೊತ್ತ ಪರಮಾಣುವಿನ, ಸುತ್ತ ಎಂಟು ಆಮ್ಲಜನಕಗಳು ನಿಲ್ಲಬೇಕು. ಜಿರ್ಕೋನಿಯಂ ಅಷ್ಟಕ್ಕೆ ತುಸು ಚಿಕ್ಕದು. ಎಂಟು ಜನ ಒತ್ತಿಕೊಂಡು ನಿಲ್ಲುವುದಕ್ಕಿಂತ ಏಳೇ ಜನ ಹಾಯಾಗಿ ನಿಲ್ಲುವ ಓರೆ ರೂಪವೇ ತಂಪಿನಲ್ಲಿ ಅದಕ್ಕೆ ಹಿತ. ಪರಿಹಾರವೂ ಇಲ್ಲೇ ಇದೆ. ಕೆಲವು ಆಮ್ಲಜನಕಗಳನ್ನು ಹೊರಗೆ ಕಳಿಸಿಬಿಟ್ಟರೆ ಒತ್ತಡ ಕಡಿಮೆಯಾಗಿ ಘನ ರೂಪವೇ ಉಳಿಯಬಹುದು. ಕಳಿಸುವುದು ಹೇಗೆ? ಜಿರ್ಕೋನಿಯಂಗೆ ನಾಲ್ಕು ಧನ ವಿದ್ಯುದಂಶ, ಯಟ್ರಿಯಂಗೆ ಮೂರು. ಎರಡು ಜಿರ್ಕೋನಿಯಂಗಳ ಜಾಗದಲ್ಲಿ ಎರಡು ಯಟ್ರಿಯಂ ಕೂರಿಸಿದರೆ ಲೆಕ್ಕದಲ್ಲಿ ಎರಡು ಧನ ಕಡಿಮೆ ಬೀಳುತ್ತದೆ. ಲೆಕ್ಕ ಸರಿತೂಗಲು ಎರಡು ಋಣದ ಒಂದು ಆಮ್ಲಜನಕ ಎದ್ದುಹೋಗಲೇಬೇಕು. ಅದರ ಸ್ಥಾನ ಖಾಲಿ ಉಳಿಯುತ್ತದೆ. ಸುಟ್ಟ ಸುಣ್ಣ ಬೆರೆಸಿದರೂ, ಮೆಗ್ನೀಷಿಯಾ ಬೆರೆಸಿದರೂ ಇದೇ ವ್ಯವಹಾರ. ಅಲ್ಲಿ ಒಂದೊಂದು ಲೋಹದ ಅಯಾನಿಗೂ ಒಂದೊಂದು ಖಾಲಿ ಸ್ಥಾನ. ಹೀಗೆ ಬೆರಕೆ ಹಾಕಿ ಘನ ರೂಪವನ್ನು ಮಾಮೂಲು ಉಷ್ಣತೆಗೂ ಇಳಿಸಿ ತರಬಹುದು ಎಂದು 1929ರಲ್ಲಿ ಜರ್ಮನಿಯ ರುಫ್ ಮತ್ತು ಎಬರ್ಟ್ ತೋರಿಸಿದರು. ಇಟ್ಟಿಗೆ ಒಡೆಯುವುದು ನಿಂತಿತು.

ಒಡೆಯದಿರಲಿ ಎಂದು ಮಾಡಿಟ್ಟ ಈ ಖಾಲಿ ಸ್ಥಾನಗಳೇ ನೆರ್ನ್ಸ್ಟ್ ಕಡ್ಡಿಯಲ್ಲಿ ವಿದ್ಯುತ್ತನ್ನು ಸಾಗಿಸುತ್ತಿದ್ದವು. ತಾಮ್ರದ ತಂತಿಯಲ್ಲಿ ಓಡುವುದು ಎಲೆಕ್ಟ್ರಾನು. ಇಲ್ಲಿ ಓಡುವುದು ಆಮ್ಲಜನಕದ ಅಯಾನು, ಗಾತ್ರದಲ್ಲಿ ಸಾಕಷ್ಟು ದೊಡ್ಡ ಆಸಾಮಿ. ಮದುವೆಯ ಪಂಕ್ತಿಯಲ್ಲಿ ನಡುವೆ ಒಂದು ಎಲೆ ಖಾಲಿ ಉಳಿಯಿತು ಅನ್ನಿ. ಪಕ್ಕದವರು ಸರಿದು ಆ ಎಲೆಗೆ ಬಂದರೆ ಅವರದು ಖಾಲಿಯಾಗುತ್ತದೆ, ಅವರ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ. ಜನ ಈ ಕಡೆ ಸರಿದ ಹಾಗೆ ಖಾಲಿ ಎಲೆ ಆ ಕಡೆ ಹೋಗುತ್ತದೆ. ಒಂದೂ ಎಲೆ ಖಾಲಿಯಿಲ್ಲದ ಪಂಕ್ತಿಯಲ್ಲಿ ಯಾರೂ ಅಲುಗಾಡುವಂತಿಲ್ಲ. ನೂರಕ್ಕೆ 8 ಯಟ್ರಿಯಾ ಬೆರೆತ ಹರಳಿನಲ್ಲಿ ಆಮ್ಲಜನಕದ ನೂರು ಸ್ಥಾನಗಳಿಗೆ ನಾಲ್ಕರ ಹತ್ತಿರ ಖಾಲಿ ಇರುತ್ತವೆ. ಎದ್ದು ಪಕ್ಕಕ್ಕೆ ಹಾರಲು ಅಯಾನಿಗೆ ಕಸುವು ಬೇಕು, ಅದನ್ನು ಕೊಡುವುದು ಶಾಖ. ತಣ್ಣಗಿದ್ದಾಗ ಕಡ್ಡಿ ಮಂಕಾಗಿ ಕೂರುತ್ತಿದ್ದುದು ಇದಕ್ಕೇ. ಸಾಗುವುದು ಅಯಾನುಗಳೇ ಎಂದು ನೆರ್ನ್ಸ್ಟ್ 1899ರಲ್ಲೇ ಬರೆದಿದ್ದರು. ಖಾಲಿ ಸ್ಥಾನಗಳ ಮೂಲಕ ಸಾಗುತ್ತವೆ ಎಂದು ವಿವರಿಸಿದವರು ಕಾರ್ಲ್ ವಾಗ್ನರ್, 1943ರಲ್ಲಿ.

ಈಗ ಒಬ್ಬ ಚುರುಕಾದ ವಿದ್ಯಾರ್ಥಿ ಕೇಳುತ್ತಾನೆ: ಖಾಲಿ ಸ್ಥಾನ ಹೆಚ್ಚಿದಷ್ಟೂ ಓಡಾಟ ಹೆಚ್ಚುವುದಾದರೆ ನೂರಕ್ಕೆ ಎಂಟೇ ಏಕೆ, ಹದಿನೈದು ಬೆರೆಸಬಾರದೇಕೆ? ಬೆರೆಸಿ ನೋಡಿದ್ದಾರೆ. ವಾಹಕತೆ ಎಂಟು ಒಂಬತ್ತರ ಹತ್ತಿರ ಶಿಖರ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಖಾಲಿ ಸ್ಥಾನಗಳು ಹೆಚ್ಚಾದಾಗ ಅವು ಬಿಡಿಬಿಡಿಯಾಗಿ ಇರುವುದಿಲ್ಲ. ಬೆರಕೆಯ ಅಯಾನುಗಳ ಜೊತೆಗೂ ತಮ್ಮ ತಮ್ಮಲ್ಲೂ ಗುಂಪು ಕಟ್ಟಿಕೊಂಡು ಕೂತಲ್ಲೇ ಕೂರುತ್ತವೆ. ಬೆರಕೆಯ ಅಯಾನಿನ ಗಾತ್ರಕ್ಕೂ ಇದರಲ್ಲಿ ಪಾತ್ರವಿದೆ. ಜಿರ್ಕೋನಿಯಂನ ತ್ರಿಜ್ಯ 0.84 ಆಂಗ್‌ಸ್ಟ್ರಾಂ, ಯಟ್ರಿಯಂನದು 1.02, ಕ್ಯಾಲ್ಸಿಯಂನದು 1.12. ದೊಡ್ಡ ಅಯಾನು ಬಂದು ಕೂತರೆ ಸುತ್ತಲಿನ ಜಾಲ ಸೊಟ್ಟಗಾಗಿ ಓಡಾಟಕ್ಕೆ ಅಡ್ಡಿ. ಸ್ಕ್ಯಾಂಡಿಯಂ 0.87, ಹೆಚ್ಚುಕಡಿಮೆ ಜಿರ್ಕೋನಿಯಂನಷ್ಟೇ. ಹಾಗಾಗಿ ಸ್ಕ್ಯಾಂಡಿಯಾ ಬೆರೆತ ಜಿರ್ಕೋನಿಯಾ ಈ ಕುಟುಂಬದಲ್ಲೇ ಅತ್ಯುತ್ತಮ ವಾಹಕ. ಯಟ್ರಿಯಾ ಬೆರಕೆ 1000 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 0.1 ಸೀಮನ್ಸಿನಷ್ಟು ಕೊಡುವ ವಾಹಕತೆಯನ್ನು ಸ್ಕ್ಯಾಂಡಿಯಾ ಬೆರಕೆ 800ರ ಆಸುಪಾಸಿನಲ್ಲೇ ಕೊಡುತ್ತದೆ. ಇನ್ನೂರು ಡಿಗ್ರಿ ಉಳಿತಾಯ ಸಣ್ಣದಲ್ಲ. 1000ದಲ್ಲಿ ಇಂಧನ ಕೋಶದ ಸುತ್ತಲಿನ ಭಾಗಗಳಿಗೆ ಸೆರಾಮಿಕ್ಕೇ ಗತಿ. 800ಕ್ಕೆ ಇಳಿದರೆ ಸ್ಟೀಲು ನಡೆಯುತ್ತದೆ.

ಹಾಗಾದರೆ ಎಲ್ಲರೂ ಸ್ಕ್ಯಾಂಡಿಯಾಕ್ಕೆ ಏಕೆ ಮುಗಿಬಿದ್ದಿಲ್ಲ? ಬೆಲೆ ಒಂದು ಕಾರಣ. ಇಡೀ ಜಗತ್ತು ವರ್ಷಕ್ಕೆ ಉತ್ಪಾದಿಸುವ ಸ್ಕ್ಯಾಂಡಿಯಂ ಕೆಲವು ಹತ್ತು ಟನ್ನು, ಅಷ್ಟೆ. ಆದರೆ ಬೆಲೆಗಿಂತ ದೊಡ್ಡ ಕಾರಣ ಸ್ಥಿರತೆಯದು. ಈ ಭಾಷಣ ಒಪ್ಪಿಕೊಂಡಿದ್ದೇ ಆ ವಿಷಯ ಹೇಳಬಹುದು ಎಂಬ ಆಸೆಯಿಂದ. ಅದಕ್ಕೆ ಮೊದಲು, ಈ ವಸ್ತು ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಎಂದು ಸ್ವಲ್ಪ ನೋಡಿ ಬರೋಣ.

ನಿಮ್ಮ ಕಾರಿನಲ್ಲಿದೆ. ಎಂಜಿನ್ನಿನ ಹೊಗೆ ಹೋಗುವ ಕೊಳವೆಗೆ ತಿರುಪಿನಿಂದ ಕೂರಿಸಿರುವ, ಮೆಕ್ಯಾನಿಕ್‌ಗಳು 'ಆಕ್ಸಿಜನ್ ಸೆನ್ಸರ್' ಎನ್ನುವ ಭಾಗದ ಒಳಗೆ ಜಿರ್ಕೋನಿಯಾದ ಒಂದು ಪುಟ್ಟ ಬಟ್ಟಲು ಇರುತ್ತದೆ. ಒಳಗೂ ಹೊರಗೂ ಪ್ಲಾಟಿನಂ ಲೇಪ. ಬಟ್ಟಲಿನ ಒಳಬದಿಗೆ ಹೊರಗಿನ ಗಾಳಿ ತಾಗುತ್ತದೆ, ಹೊರಬದಿಗೆ ಹೊಗೆ. ಎರಡು ಬದಿಗಳಲ್ಲಿ ಆಮ್ಲಜನಕದ ಒತ್ತಡ ಬೇರೆ ಬೇರೆ. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಅಯಾನುಗಳು ಸರಿಯಲು ನೋಡುತ್ತವೆ, ಅದರಿಂದ ವೋಲ್ಟೇಜು ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1ಕ್ಕೆ ಕುಸಿತ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹದದಲ್ಲಿ ಈ ಕುಸಿತ ನೆಟ್ಟಗೆ ಗೋಡೆಯ ಹಾಗೆ ಇರುತ್ತದೆ. ಅದನ್ನು ನೋಡಿಕೊಂಡೇ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದನ್ನು ತಯಾರಿಸಿದ್ದು ಬಾಷ್ ಕಂಪನಿ, ಬೆಂಗಳೂರಿನವರು ಬಹಳ ಕಾಲ ಮೈಕೊ ಎಂದೇ ಕರೆದ ಸಂಸ್ಥೆಯ ಮಾತೃಸಂಸ್ಥೆ. 1976ರಲ್ಲಿ ಅಮೆರಿಕಕ್ಕೆ ಹೋಗುವ ವೋಲ್ವೊ ಕಾರುಗಳಿಗೆ ಮೊದಲು ಹಾಕಿದರು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಅದು ಕಾಣುತ್ತಿದೆ. ಹಾಂ, ತಣ್ಣಗಿರುವಾಗ ಅದೂ ಮಾತಾಡುವುದಿಲ್ಲ. ಸುಮಾರು 300 ಡಿಗ್ರಿ ದಾಟಬೇಕು. ಬೇಗ ಕಾಯಲಿ ಎಂದು ಈಗಿನವುಗಳ ಒಳಗೆ ಒಂದು ಹೀಟರ್ ಇರುತ್ತದೆ. ನೆರ್ನ್ಸ್ಟ್ ದೀಪದ ಪ್ಲಾಟಿನಂ ಸುರುಳಿಯ ಕೆಲಸವೇ.

ಆ ಬಟ್ಟಲಿನಲ್ಲಿ ಯಟ್ರಿಯಾ ನೂರಕ್ಕೆ ಎಂಟಲ್ಲ, ನಾಲ್ಕೈದು ಮಾತ್ರ. ವಾಹಕತೆ ಕಡಿಮೆಯಾದರೂ ಪರವಾಗಿಲ್ಲ, ಮಳೆಗಾಲದಲ್ಲಿ ಕೆಂಪಗೆ ಕಾದ ಕೊಳವೆಗೆ ನೀರು ಚಿಮ್ಮಿದಾಗ ಅದು ಒಡೆಯಬಾರದು. ಅಷ್ಟು ಬೆರಕೆಗೆ ಹರಳು ಪೂರ್ತಿ ಘನ ರೂಪಕ್ಕೆ ಬರುವುದಿಲ್ಲ. ನೀಳ ರೂಪವೂ ಬೆರೆತಿರುತ್ತದೆ. ಆ ನೀಳ ಕಣಗಳಲ್ಲೇ ಒಂದು ಉಪಾಯವಿದೆ. ಬಿರುಕು ಒಂದು ಮುಂದುವರಿದು ಬಂದರೆ ಅದರ ತುದಿಯ ಸೆಳೆತಕ್ಕೆ ಅಲ್ಲಿದ್ದ ನೀಳ ಕಣ ಓರೆಯಾಗಿ ಉಬ್ಬುತ್ತದೆ, ಉಬ್ಬಿ ಬಿರುಕಿನ ಬಾಯನ್ನು ಅದುಮಿ ಹಿಡಿಯುತ್ತದೆ. ಇಟ್ಟಿಗೆಯನ್ನು ಪುಡಿ ಮಾಡಿದ ಅದೇ ಉಬ್ಬು! 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಎಂಬ ಮೂವರು 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿ, ಇದನ್ನು ಸೆರಾಮಿಕ್ ಉಕ್ಕು ಎನ್ನಬಹುದೇ ಎಂದು ಶೀರ್ಷಿಕೆಯಲ್ಲೇ ಕೇಳಿದ್ದರು. ದಂತವೈದ್ಯರು ಈಗ ಹಾಕುವ ಜಿರ್ಕೋನಿಯಾ ಹಲ್ಲುಗಳು ಈ ಜಾತಿಯವೇ.

ಕರಗಿದ ಉಕ್ಕಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ತಿಳಿಯಲು ಮೆಗ್ನೀಷಿಯಾ ಬೆರೆತ ಜಿರ್ಕೋನಿಯಾದ ಕೊಳವೆಯನ್ನು ಅದ್ದುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಅಳತೆ ಕೊಟ್ಟು ಅದು ಅಲ್ಲೇ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಕೆ. ಟಿ. ಜೇಕಬ್ ಇಂಥ ಜಿರ್ಕೋನಿಯಾ ಕೋಶಗಳ ವೋಲ್ಟೇಜು ಅಳೆದೇ ಹಲವಾರು ಆಕ್ಸೈಡುಗಳ ಉಷ್ಣಗತಿಯ ಅಂಕಿಗಳನ್ನು ಕಂಡುಹಿಡಿದರು. ಸುಣ್ಣ ಬೆರೆತ ಜಿರ್ಕೋನಿಯಾದ ವಾಹಕತೆಯ ಮೇಲೆ 1960ರ ದಶಕದ ಮೊದಲಲ್ಲಿ ಕೆಲಸ ಮಾಡಿದವರಲ್ಲಿ ಇ. ಸಿ. ಸುಬ್ಬರಾವ್ ಒಬ್ಬರು, ಮುಂದೆ ಐಐಟಿ ಕಾನ್ಪುರದಲ್ಲಿದ್ದು ಅವರು ಸಂಪಾದಿಸಿದ ಘನ ಎಲೆಕ್ಟ್ರೊಲೈಟುಗಳ, ಅಂದರೆ ಅಯಾನು ಸಾಗಿಸುವ ಗಟ್ಟಿ ವಸ್ತುಗಳ, ಪುಸ್ತಕವನ್ನು ಈ ಕ್ಷೇತ್ರದವರು ಬಲ್ಲರು.

ಮಂಗಳ ಗ್ರಹಕ್ಕೂ ಹೋಗಿ ಬರಬೇಕು. ಅಲ್ಲಿನ ವಾತಾವರಣದಲ್ಲಿ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡು. ಜಿರ್ಕೋನಿಯಾದ ಪೊರೆಯೊಂದಕ್ಕೆ ಹೊರಗಿನಿಂದ ವಿದ್ಯುತ್ ಕೊಟ್ಟು ಆಮ್ಲಜನಕವನ್ನು ಈ ಬದಿಯಿಂದ ಆ ಬದಿಗೆ ಎಳೆಯಬಹುದಲ್ಲ? ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಾಸಾಕ್ಕಾಗಿ ಈ ಕೆಲಸ ಮಾಡುತ್ತಿದ್ದವರು ಭಾರತ ಮೂಲದ ಕೆ. ಆರ್. ಶ್ರೀಧರ್. ಅವರ ಉಪಕರಣ ಹೋಗಬೇಕಿದ್ದ ಯಾನ ರದ್ದಾಯಿತು. ಅವರು ಯಂತ್ರವನ್ನು ತಿರುವುಮುರುವು ಮಾಡಿದರು: ವಿದ್ಯುತ್ ಕೊಟ್ಟು ಆಮ್ಲಜನಕ ಪಡೆಯುವ ಬದಲು ಇಂಧನವನ್ನೂ ಗಾಳಿಯನ್ನೂ ಕೊಟ್ಟು ವಿದ್ಯುತ್ ಪಡೆಯುವ ಇಂಧನ ಕೋಶ. ಬ್ಲೂಮ್ ಎನರ್ಜಿ ಕಂಪನಿ ಹುಟ್ಟಿದ್ದು ಹಾಗೆ. ಮಂಗಳದ ಮೇಲೆ ಆಮ್ಲಜನಕ ತೆಗೆದು ತೋರಿಸಿದ್ದು ಪರ್ಸಿವಿರನ್ಸ್ ರೋವರಿನೊಳಗಿದ್ದ ಮಾಕ್ಸಿ ಎಂಬ ಪೆಟ್ಟಿಗೆ. ಅದರ ಜಿರ್ಕೋನಿಯಾದಲ್ಲಿ ಬೆರೆತಿದ್ದದ್ದು ಸ್ಕ್ಯಾಂಡಿಯಾ, ಕೆಲಸದ ಉಷ್ಣತೆ ಸುಮಾರು 800 ಡಿಗ್ರಿ. 2021ರ ಏಪ್ರಿಲ್ 20ರಂದು ಮೊದಲ ಸಲ 5.4 ಗ್ರಾಂ ಆಮ್ಲಜನಕ ಬಂತು. 2023ರಲ್ಲಿ ನಿಲ್ಲಿಸುವ ಹೊತ್ತಿಗೆ 16 ಸರದಿಗಳಲ್ಲಿ ಒಟ್ಟು 122 ಗ್ರಾಂ. ಹದಿನಾರೂ ಸಲ ತಣ್ಣಗಿದ್ದದ್ದನ್ನು 800ಕ್ಕೆ ಕಾಯಿಸಿ ಮತ್ತೆ ಆರಿಸಬೇಕಿತ್ತು ಎನ್ನುವುದನ್ನು ನೆನಪಿಡಿ.

ಏಕೆಂದರೆ ಸ್ಕ್ಯಾಂಡಿಯಾದ ಗೋಳು ಶುರುವಾಗುವುದೇ ಈ ಕಾಯುವ, ಆರುವ ದಾರಿಯಲ್ಲಿ. ನೂರಕ್ಕೆ 8 ಸ್ಕ್ಯಾಂಡಿಯಾ ಬೆರೆಸಿದ ಹರಳು ಹೊಸತರಲ್ಲಿ ಅದ್ಭುತ ವಾಹಕ. 1000 ಡಿಗ್ರಿಯಲ್ಲಿ ನೂರಾರು ಗಂಟೆ ಇಟ್ಟರೆ ಅದರ ವಾಹಕತೆ ಇಳಿಯುತ್ತಾ ಹೋಗುತ್ತದೆ. ಒಳಗೊಳಗೇ ನೀಳ ರೂಪದ ಕಡೆಗೆ ಜಾರುತ್ತಿರುತ್ತದೆ. ಸರಿ, 11ಕ್ಕೆ ಏರಿಸೋಣ ಎಂದರೆ ಈ ಮುಪ್ಪು ಕಾಡುವುದಿಲ್ಲ. ಬದಲಿಗೆ 600 ಡಿಗ್ರಿಯ ಹತ್ತಿರ ಇಳಿದಾಗ ಹರಳು ಇನ್ನೊಂದೇ ರೂಪಕ್ಕೆ, ಮೂಲೆಗಳಲ್ಲಿ ಹಿಡಿದು ಎಳೆದ ಪೆಟ್ಟಿಗೆಯ ರೂಪಕ್ಕೆ ತಿರುಗಿ ವಾಹಕತೆ ದಿಢೀರನೆ ಬೀಳುತ್ತದೆ. ಈ ಕಡೆ ಕಾವಿನ ಮುಪ್ಪು, ಆ ಕಡೆ ತಂಪಿನ ಕುಸಿತ, ನಡುವೆ ಕಿರಿದಾದ ಓಣಿ. ಆ ಓಣಿಯಲ್ಲಿ ನಿಲ್ಲಿಸಲು ಮೂರನೆಯ ಆಕ್ಸೈಡನ್ನು ಚಿಟಿಕೆಯಷ್ಟು ಹಾಕುತ್ತಾರೆ. ಹೆಚ್ಚು ಚಲಾವಣೆಯಲ್ಲಿರುವುದು ನೂರಕ್ಕೆ 10 ಸ್ಕ್ಯಾಂಡಿಯಾ, 1 ಸೀರಿಯಾ, ಅಂದರೆ ಸೀರಿಯಂನ ಆಕ್ಸೈಡು. ಸೀರಿಯಾಕ್ಕೂ ಒಂದು ದೌರ್ಬಲ್ಯವಿದೆ: ಇಂಧನ ಕೋಶದ ಹೈಡ್ರೋಜನ್ ಇರುವ ಬದಿಯಲ್ಲಿ ಸೀರಿಯಂನ ವಿದ್ಯುದಂಶ ನಾಲ್ಕರಿಂದ ಮೂರಕ್ಕೆ ಇಳಿಯಬಲ್ಲದು, ಆಗ ಲೆಕ್ಕಾಚಾರವೆಲ್ಲ ತಲೆಕೆಳಗು. ಹಾಗಾಗಿ ಯಟ್ರಿಯಾ, ಇಟರ್ಬಿಯಾ, ಗ್ಯಾಡೊಲಿನಿಯಾಗಳನ್ನೂ ಹಾಕಿ ನೋಡುತ್ತಲೇ ಇದ್ದಾರೆ.

ಸ್ಕ್ಯಾಂಡಿಯಾವನ್ನು ಮಾತ್ರ ಬೈದು ಪ್ರಯೋಜನವಿಲ್ಲ. ನೂರಕ್ಕೆ 8 ಯಟ್ರಿಯಾದ ಹಳೆಯ ನಂಬಿಗಸ್ತ ಬೆರಕೆಯೂ 1000 ಡಿಗ್ರಿಯಲ್ಲಿ ದೀರ್ಘಕಾಲ ಇಟ್ಟರೆ ವಾಹಕತೆ ಕಳೆದುಕೊಳ್ಳುತ್ತದೆ. 10 ಬೆರೆಸಿದ್ದು ಮೊದಲಿಗೆ ಅಷ್ಟು ಚುರುಕಲ್ಲ, ಆದರೆ ಇದ್ದಷ್ಟನ್ನು ಉಳಿಸಿಕೊಳ್ಳುತ್ತದೆ. ಶಿಖರದ ವಾಹಕತೆ ಸಿಗುವುದು ಯಾವ ಬೆರಕೆಯಲ್ಲಿ? ಘನ ರೂಪವನ್ನು ಹಿಡಿದಿಡಲು ಎಷ್ಟು ಬೇಕೋ ಬರೀ ಅಷ್ಟೇ ಇರುವಲ್ಲಿ. ಅಂಚಿನಲ್ಲಿ ನಿಂತಿರುವುದರಿಂದಲೇ ಅದು ಚುರುಕು, ಅಂಚಿನಲ್ಲಿರುವುದರಿಂದಲೇ ಜಾರುತ್ತದೆ. ಸ್ಥಿರತೆಯೂ ವಾಹಕತೆಯೂ ಒಂದೇ ಬೆರಕೆಯ ಕೊಡುಗೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಎರಡನ್ನೂ ಒಂದೇ ಅಳತೆಯಲ್ಲಿ ಕೊಡುವುದಿಲ್ಲ ಎನ್ನುವುದನ್ನು ಕೆಲಸಕ್ಕಿಳಿದ ಮೇಲೆ ಕಲಿಯುತ್ತೇವೆ. ತಯಾರಕರ ಕೈಪಿಡಿಯಲ್ಲಿ 'ಸ್ಥಿರಗೊಳಿಸಿದ ಜಿರ್ಕೋನಿಯಾ' ಎಂದು ಕಂಡಾಗೆಲ್ಲ ನನಗೆ ಕೇಳಬೇಕೆನಿಸುತ್ತದೆ: ಎಷ್ಟು ಡಿಗ್ರಿಯಲ್ಲಿ ಸ್ವಾಮಿ, ಯಾವ ಗಾಳಿಯಲ್ಲಿ, ಎಷ್ಟು ವರ್ಷ?

ಈ ಪ್ರಶ್ನೆಯನ್ನು ಸರಿಯಾಗಿ ಕೇಳದೆ ಪೆಟ್ಟು ತಿಂದವರಿದ್ದಾರೆ. 1980ರ ದಶಕದಲ್ಲಿ ನೂರಕ್ಕೆ 3 ಯಟ್ರಿಯಾ ಬೆರೆತ ನೀಳ ರೂಪದ ಜಿರ್ಕೋನಿಯಾದಿಂದ ಸೊಂಟದ ಕೃತಕ ಕೀಲಿನ ಗುಂಡುಗಳನ್ನು ಮಾಡತೊಡಗಿದರು. ಬಲಕ್ಕೆ ಸಾಟಿಯಿಲ್ಲ. ಆದರೆ ಈ ಬೆರಕೆಗೆ ನೀರಿನ ಆವಿ ಆಗದು ಎಂದು ಜಪಾನಿನ ಕೊಬಯಾಶಿ ಮತ್ತು ಸಂಗಡಿಗರು 1981ರಲ್ಲೇ ತೋರಿಸಿದ್ದರು. ಇನ್ನೂರು ಮುನ್ನೂರು ಡಿಗ್ರಿಯಂಥ ಕಡಿಮೆ ಕಾವಿನಲ್ಲಿ ತೇವ ತಾಗಿದರೆ ಮೇಲ್ಮೈಯ ಕಣಗಳು ಒಂದೊಂದಾಗಿ ಓರೆಯಾಗುತ್ತಾ ಒಳಗೆ ಬಿರುಕು ಇಳಿಯುತ್ತದೆ. ದೇಹದ 37 ಡಿಗ್ರಿಯಲ್ಲಿ ಇದು ತೀರಾ ನಿಧಾನ ಎಂಬ ಧೈರ್ಯ ಇತ್ತು. 2001ರಲ್ಲಿ ಯುರೋಪಿನ ಒಂದು ಕಂಪನಿಯ ಗುಂಡುಗಳು ನೂರಾರು ಸಂಖ್ಯೆಯಲ್ಲಿ ರೋಗಿಗಳ ಮೈಯೊಳಗೇ ಒಡೆದವು. ಹುಡುಕಿದರೆ ಸಿಕ್ಕ ಕಾರಣ: ಸುಡುವ ಕುಲುಮೆಯ ಬಗೆಯನ್ನು ಬದಲಾಯಿಸಿದ್ದರು. ರಾಸಾಯನಿಕವಾಗಿ ಅದೇ ಬೆರಕೆ, ಅದೇ ಅಂಕಿ. ಸುಟ್ಟ ಕ್ರಮ ಬೇರೆಯಾದದ್ದರಿಂದ ಸ್ಥಿರತೆ ಕೈಕೊಟ್ಟಿತು.

ಸುಟ್ಟು ಮಾಡಿದ ಸೆರಾಮಿಕ್ಕಿನಲ್ಲಿ ಕೋಟ್ಯಂತರ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಣ ಮತ್ತು ಕಣದ ನಡುವಿನ ಗಡಿಯಲ್ಲಿ ಕಲ್ಮಶ ಸೇರುತ್ತದೆ, ಅಯಾನಿಗೆ ಅಡ್ಡಗಾಲಾಗುತ್ತದೆ. ವಾಹಕತೆ ಇಳಿದರೆ ತಪ್ಪು ಹರಳಿನದೋ ಗಡಿಯದೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಅದನ್ನು ತೀರ್ಮಾನಿಸಲು ಗಡಿಗಳೇ ಇಲ್ಲದ ಒಂಟಿ ಹರಳು ಬೇಕು. 2700 ಡಿಗ್ರಿಯಲ್ಲಿ ಕರಗುವ ವಸ್ತುವನ್ನು ಕರಗಿಸಿ ಹರಳು ಬೆಳೆಸಲು ಪಾತ್ರೆ ಎಲ್ಲಿಂದ ತರುವುದು? ಪಾತ್ರೆಯೇ ಮೊದಲು ಕರಗುತ್ತದೆ. 1970ರ ಹೊತ್ತಿಗೆ ಮಾಸ್ಕೋದ ಲೆಬೆಡೆವ್ ಭೌತವಿಜ್ಞಾನ ಸಂಸ್ಥೆಯಲ್ಲಿ ಒಸಿಕೊ ಮತ್ತು ಸಂಗಡಿಗರು ಅದಕ್ಕೆ ಒಂದು ಹಾದಿ ಪಳಗಿಸಿದರು. ಒಳಗೆ ತಣ್ಣೀರು ಹರಿಯುವ ತಾಮ್ರದ ಕೊಳವೆಗಳನ್ನು ಬೇಲಿಯ ಹಾಗೆ ವೃತ್ತಾಕಾರಕ್ಕೆ ನಿಲ್ಲಿಸಿ ನಡುವೆ ಪುಡಿ ತುಂಬುವುದು; ಸುತ್ತ ಸುರುಳಿಯಿಟ್ಟು ರೇಡಿಯೋ ತರಂಗದ ವಿದ್ಯುತ್ತಿನಿಂದ ಕಾಯಿಸುವುದು. ತಣ್ಣನೆಯ ಪುಡಿ ಆ ತರಂಗಕ್ಕೆ ಕ್ಯಾರೇ ಅನ್ನುವುದಿಲ್ಲ. ಅದಕ್ಕೆ ಜಿರ್ಕೋನಿಯಂ ಲೋಹದ ಚೂರುಗಳನ್ನು ನಡುವೆ ಹುದುಗಿಸುತ್ತಾರೆ. ಲೋಹ ಮೊದಲು ಕಾದು ಸುತ್ತಲಿನ ಪುಡಿಯನ್ನು ಕಾಯಿಸುತ್ತದೆ; ಕಾದ ಪುಡಿ ವಾಹಕವಾಗಿ ತಾನೇ ಶಕ್ತಿ ಹೀರತೊಡಗುತ್ತದೆ; ಲೋಹ ಉರಿದು ತಾನೂ ಜಿರ್ಕೋನಿಯಾ ಆಗಿಬಿಡುತ್ತದೆ. ಕೊಳವೆಗಳಿಗೆ ತಾಗಿದ ಹೊರಪದರ ಮಾತ್ರ ತಣ್ಣಗೆ ಪುಡಿಯಾಗಿಯೇ ಉಳಿದು ಒಳಗಿನ ದ್ರವಕ್ಕೆ ಪಾತ್ರೆಯಾಗುತ್ತದೆ. ನಿಧಾನವಾಗಿ ಕೆಳಗಿಳಿಸಿದರೆ ತಳದಿಂದ ಮೇಲಕ್ಕೆ ಹರಳುಗಳು ಕಂಬಗಳ ಹಾಗೆ ಬೆಳೆಯುತ್ತವೆ.

ಲೇಸರ್ ಕೆಲಸಕ್ಕೆಂದು ಬೆಳೆಸಿದ ಈ ಹರಳು ಎಷ್ಟು ಹೊಳೆಯಿತೆಂದರೆ ಆಭರಣದವರು ಬಿಡಲಿಲ್ಲ. ನಮ್ಮ ಚಿನ್ನದಂಗಡಿಗಳಲ್ಲಿ ಎ.ಡಿ. ಸ್ಟೋನ್, ಅಮೆರಿಕನ್ ಡೈಮಂಡ್ ಎಂದು ಕೇಳಿ ಕೊಳ್ಳುವ ಓಲೆ, ಮೂಗುತಿಗಳ ಕಲ್ಲು ಮಾಸ್ಕೋದ ಈ ಹಾದಿಯಲ್ಲಿ ಬೆಳೆದದ್ದೇ. ಬೆಳಕನ್ನು ಬಣ್ಣಗಳಾಗಿ ಒಡೆಯುವುದರಲ್ಲಿ ಅದು ವಜ್ರಕ್ಕಿಂತ ಮುಂದು. ಅತಿಯಾಗಿ ಬಣ್ಣ ಚೆಲ್ಲುವುದೇ ಅದರ ಗುರುತು. ಅಷ್ಟೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ತೂಕ. ವಜ್ರ ಶಾಖವನ್ನು ಸರ್ರನೆ ದಾಟಿಸುತ್ತದೆ, ಇದು ದಾಟಿಸುವುದಿಲ್ಲ. ಅಂಗಡಿಯವರ ಕೈಯಲ್ಲಿರುವ ಪೆನ್ನಿನಂಥ ಟೆಸ್ಟರ್ ನೋಡುವುದು ಇದನ್ನೇ.

ಆ ಮಾಸ್ಕೋ ಪರಂಪರೆಯವರು ಅದೇ ತಣ್ಣನೆಯ ಬೇಲಿಯೊಳಗೆ ಈಗ ಸ್ಕ್ಯಾಂಡಿಯಾ, ಯಟ್ರಿಯಾ, ಸೀರಿಯಾಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಹರಳು ಬೆಳೆಸುತ್ತಾರೆ, ಕತ್ತರಿಸಿ ವಾಹಕತೆ ಅಳೆಯುತ್ತಾರೆ, ನೂರಾರು ಗಂಟೆ ಕಾಯಿಸಿ ಮತ್ತೆ ಅಳೆಯುತ್ತಾರೆ. ಒಂಟಿ ಹರಳಿನಲ್ಲೂ ಮುಪ್ಪು ಕಂಡರೆ ಕಣಗಳ ಗಡಿಯನ್ನು ದೂರುವಂತಿಲ್ಲ. ಬೆರಕೆಯನ್ನೇ ಬದಲಿಸಬೇಕು.

ಈ ಸಂಶೋಧನೆಯ ದೊಡ್ಡ ಕಷ್ಟ ಕಾಲದ್ದು. ವಿದ್ಯುತ್ ಸ್ಥಾವರದ ಇಂಧನ ಕೋಶ ಕನಿಷ್ಠ 40,000 ಗಂಟೆ, ಅಂದರೆ ನಾಲ್ಕೂವರೆ ವರ್ಷ ದುಡಿಯಬೇಕೆಂಬ ಗುರಿ ಇರುತ್ತದೆ. ಅಷ್ಟು ಕಾಯುವ ವ್ಯವಧಾನ ಯಾರಿಗೂ ಇಲ್ಲ. ಬೇರೆ ವಸ್ತುಗಳಿಗೆ ಮಾಡುವ ಉಪಾಯ ಎಂದರೆ ಹೆಚ್ಚು ಕಾಯಿಸಿ ಬೇಗ ಮುಪ್ಪು ತರಿಸಿ ಲೆಕ್ಕ ಹಾಕುವುದು. ಇಲ್ಲಿ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1000 ಡಿಗ್ರಿಯಲ್ಲಿ ಎಷ್ಟು ಕಾಲ ಇಟ್ಟು ನೋಡಿದರೂ 600ರ ಹತ್ತಿರ ಕಾದು ಕೂತಿರುವ ರೂಪ ಅಲ್ಲಿ ತಲೆಯೆತ್ತುವುದೇ ಇಲ್ಲ. ಅಲ್ಲಿ ಪಾಸಾದ ಬೆರಕೆ ಇಲ್ಲಿ ಫೇಲಾಗಬಹುದು. ಹೀಗಾಗಿ ನಿಜವಾದ ಉಷ್ಣತೆಯಲ್ಲಿ ನಿಜವಾದ ವರ್ಷಗಳನ್ನೇ ಕಳೆಯಬೇಕಾಗುತ್ತದೆ. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದವರು ಯಟ್ರಿಯಾ ಬೆರೆತ ಜಿರ್ಕೋನಿಯಾ ಪದರವಿದ್ದ ಒಂದು ಕೋಶವನ್ನು 2007ರ ಆಗಸ್ಟ್‌ನಲ್ಲಿ ಚಾಲೂ ಮಾಡಿ ಸುಮಾರು 700 ಡಿಗ್ರಿಯಲ್ಲಿ ಇಟ್ಟರು. ನಿಲ್ಲಿಸಿದ್ದು 2019ರ ಜನವರಿಯಲ್ಲಿ. ಆಮೇಲೆ ಅದನ್ನು ಬಿಚ್ಚಿ, ಪದರ ಪದರವಾಗಿ ಕತ್ತರಿಸಿ, ಒಳಗೆ ಏನೇನು ಬದಲಾಗಿದೆ ಎಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು.